ಹೆಲಿಕಾಪ್ಟರ್ ಹುಟ್ಟಿದ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನಗಳ ಬಗ್ಗೆ ಮಾತಾಡಲು ಶಾಲೆ, ಕಾಲೇಜಿಗೆ ಹೋದಾಗೆಲ್ಲ ಮಕ್ಕಳು ಕೇಳುವುದು ಹೆಲಿಕಾಪ್ಟರ್ ಬಗ್ಗೆಯೇ ಜಾಸ್ತಿ. ಪತ್ರ, ಕಾಮೆಂಟುಗಳಲ್ಲೂ ಅದೇ ಕಥೆ. ಒಂದೇ ಉತ್ತರವನ್ನು ಹತ್ತಾರು ಸಲ ಬರೆದು ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲಿನವು ಸುಲಭ. ಹೋಗ್ತಾ ಹೋಗ್ತಾ ಒಂಚೂರು ಇಂಜಿನಿಯರಿಂಗ್ ಬರುತ್ತದೆ, ಹೆದರಬೇಡಿ.

## ಮೊದಲ ಮೆಟ್ಟಿಲು

ಸಾರ್, ಸುತ್ತಿ ಬಳಸಿ ಬೇಡ. ಹೆಲಿಕಾಪ್ಟರ್ ಕಂಡುಹಿಡಿದದ್ದು ಯಾರು?

ಕ್ವಿಜ್‌ಗೆ ಬೇಕಾದರೆ ಇಗೋರ್ ಸಿಕೋರ್ಸ್ಕಿ ಅಂತ ಬರೆಯಿರಿ, ಮಾರ್ಕ್ಸ್ ಸಿಗುತ್ತದೆ. ನಿಜ ಬೇಕಾದರೆ ಒಂದು ಹೆಸರಿನಲ್ಲಿ ಮುಗಿಯುವುದಿಲ್ಲ. ಮನುಷ್ಯನನ್ನು ಹೊತ್ತು ನೆಲ ಬಿಟ್ಟ ಯಂತ್ರ 1907ರಲ್ಲೇ ಫ್ರಾನ್ಸಿನಲ್ಲಿತ್ತು. ಹೇಳಿದ ಕಡೆ ಹೋಗಿ, ಹೇಳಿದ ಕಡೆ ಇಳಿಯುವ ಯಂತ್ರ ಬಂದದ್ದು 1936ರಲ್ಲಿ, ಜರ್ಮನಿಯಲ್ಲಿ. ಕಾರ್ಖಾನೆಯಲ್ಲಿ ಸಾಲು ಸಾಲಾಗಿ ತಯಾರಾಗಿ ಕೆಲಸಕ್ಕೆ ಹೊರಟದ್ದು 1940ರ ದಶಕದಲ್ಲಿ, ಅಮೆರಿಕದಲ್ಲಿ. ಸಿಕೋರ್ಸ್ಕಿಯವರ ಪಾಲು ಈ ಕೊನೆಯದು.

1907ಕ್ಕೂ 1936ಕ್ಕೂ ನಡುವೆ 29 ವರ್ಷ ಇದೆ ನೋಡಿ, ನನ್ನ ಪ್ರಕಾರ ಹೆಲಿಕಾಪ್ಟರಿನ ನಿಜವಾದ ಕಥೆ ಅಲ್ಲಿದೆ. ಎಬ್ಬಿಸುವುದು ಕಷ್ಟವೇ, ಆದರೆ ಎದ್ದ ಮೇಲೆ ಮಾತು ಕೇಳುವ ಹಾಗೆ ಮಾಡುವುದು ಅದಕ್ಕಿಂತ ದೊಡ್ಡ ತಲೆನೋವಾಗಿತ್ತು.

ಹೆಲಿ ಅಂದ್ರೆ ಏನು, ಕಾಪ್ಟರ್ ಅಂದ್ರೆ ಏನು?

ಹಾಗೆ ಒಡೆಯಬಾರದು. "ಹೆಲಿಕೊ" ಒಂದು ತುಂಡು, "ಪ್ಟರ್" ಇನ್ನೊಂದು. ಗ್ರೀಕಿನಲ್ಲಿ ಹೆಲಿಕ್ಸ್ ಅಂದರೆ ಸುರುಳಿ, ಪ್ಟೆರಾನ್ ಅಂದರೆ ರೆಕ್ಕೆ. 1861ರಲ್ಲಿ ಗುಸ್ತಾವ್ ದ ಪೊಂತೊ ದಾಮೆಕೂರ್ ಎಂಬ ಫ್ರೆಂಚ್ ಮನುಷ್ಯ ಈ ಹೆಸರು ಕಟ್ಟಿದರು. ಉಗಿಯಿಂದ ನಡೆಯುವ ಪುಟ್ಟ ಮಾದರಿಯನ್ನೂ ಮಾಡಿದರು, ಅದೂ ಆ ಕಾಲಕ್ಕೆ ತೀರಾ ದುಬಾರಿಯಾಗಿದ್ದ ಅಲ್ಯುಮಿನಿಯಂ ಬಳಸಿ. ಅದು ಮೇಲೇಳಲೇ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಕುಲಾವಿ ಮಾತ್ರ ಚೆನ್ನಾಗಿ ಕೂತಿತು, ಇವತ್ತಿಗೂ ಅದೇ ಹೆಸರು.

ಜಾತ್ರೆಯಲ್ಲಿ ಸಿಗೋ ಕಡ್ಡಿ ಫ್ಯಾನಿಗೂ ಹೆಲಿಕಾಪ್ಟರಿಗೂ ನಂಟಿದೆ ಅಂತಾರೆ, ನಿಜಾನಾ?

ನಿಜ. ಕಡ್ಡಿಯನ್ನು ಎರಡು ಅಂಗೈ ನಡುವೆ ಇಟ್ಟು ಸರ್ರನೆ ಉಜ್ಜಿ ಬಿಡುತ್ತೇವೆ. ತುದಿಯ ರೆಕ್ಕೆ ತಿರುಗುತ್ತಾ ಮಾಡಿನ ಎತ್ತರಕ್ಕೆ ಏರಿ, ಸುಸ್ತಾದವರ ಹಾಗೆ ಇಳಿಯುತ್ತದೆ. ಚೀನಾದ ಮಕ್ಕಳು ಸಾವಿರಕ್ಕೂ ಹೆಚ್ಚು ವರ್ಷದಿಂದ ಬಿದಿರಿನಲ್ಲಿ ಮಾಡಿ ಆಡುತ್ತಿದ್ದ ಆಟಿಕೆ ಇದು. ಯುರೋಪಿಗೆ ಹೋದ ಮೇಲೆ ಅಲ್ಲಿನ ದೊಡ್ಡವರ ನಿದ್ದೆ ಕೆಡಿಸಿತು. 1754ರಲ್ಲಿ ರಷ್ಯಾದ ಮಿಖಾಯಿಲ್ ಲೊಮೊನೊಸೊವ್ ಗಡಿಯಾರದ ಸ್ಪ್ರಿಂಗ್ ಹಾಕಿ, ಒಂದರ ಮೇಲೊಂದು ಎದುರುಬದುರು ತಿರುಗುವ ರೆಕ್ಕೆಗಳ ಮಾದರಿ ಮಾಡಿ ತೋರಿಸಿದರು. 1784ರಲ್ಲಿ ಪ್ಯಾರಿಸ್ಸಿನ ಲೊನ್ವಾ ಮತ್ತು ಬ್ಯಾಂವೆನ್ಯು ಹಕ್ಕಿ ಪುಕ್ಕಗಳನ್ನು ಸಿಕ್ಕಿಸಿ, ಬಿಲ್ಲಿನ ಹೆದೆಯ ಎಳೆತದಿಂದ ಹಾರಿಸಿದರು. 1870ರ ಹೊತ್ತಿಗೆ ಅಲ್ಫಾನ್ಸ್ ಪೆನೋ ರಬ್ಬರ್ ಬ್ಯಾಂಡ್ ತಿರುಚಿ ಹಾರಿಸುವ ಆಟಿಕೆ ಮಾಡಿದರು.

ಆ ಪೆನೋ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಒಬ್ಬ ಅಪ್ಪ ಊರಿಂದ ಬರುವಾಗ ಇಬ್ಬರು ಮಕ್ಕಳಿಗೆ ತಂದುಕೊಟ್ಟರು. ಮಕ್ಕಳು ಅದಕ್ಕೆ "ಬಾವಲಿ" ಅಂತ ಹೆಸರಿಟ್ಟು, ಮುರಿದು ಹೋಗುವ ತನಕ ಆಡಿದರು. ಆಮೇಲೆ ತಾವೇ ದೊಡ್ಡದಾಗಿ ಮಾಡಲು ನೋಡಿದರು. ದೊಡ್ಡದಾದಷ್ಟೂ ಹಾರುವುದು ಕಮ್ಮಿಯಾಯಿತು. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್.

ಡಾ ವಿಂಚಿ ಆಗಲೇ ಹೆಲಿಕಾಪ್ಟರ್ ಡಿಸೈನ್ ಮಾಡಿದ್ದರಲ್ವಾ?

1480ರ ದಶಕದಲ್ಲಿ ಅವರು ಒಂದು ಚಿತ್ರ ಬರೆದಿದ್ದು ಹೌದು. ದೊಡ್ಡ ಸ್ಕ್ರೂ ಆಕಾರ, ಅದಕ್ಕೆ ಗಂಜಿ ಹಾಕಿ ಬಿಗಿ ಮಾಡಿದ ನಾರುಬಟ್ಟೆ. ಸ್ಕ್ರೂ ಮರವನ್ನು ಕೊರೆದುಕೊಂಡು ಹೋಗುವ ಹಾಗೆ ಇದು ಗಾಳಿಯನ್ನು ಕೊರೆದು ಮೇಲೇರಬೇಕು ಎಂಬ ಯೋಚನೆ. ಯೋಚನೆ ಭರ್ಜರಿ. ಆದರೆ ಮನುಷ್ಯರ ರಟ್ಟೆಬಲದಿಂದ ಅದನ್ನು ಎಬ್ಬಿಸಲು ಆಗುವುದಿಲ್ಲ. ಎದ್ದರೂ ಕೆಳಗಿನ ಕಟ್ಟೆ ಉಲ್ಟಾ ತಿರುಗಲು ಶುರುವಾಗುತ್ತದೆ. ಅದಕ್ಕೆ ಚಿತ್ರದಲ್ಲಿ ಮದ್ದೇ ಇಲ್ಲ. ಅವರ ಆ ಹಾಳೆಗಳು ನೂರಾರು ವರ್ಷ ಹೆಚ್ಚಿನವರ ಕಣ್ಣಿಗೂ ಬೀಳಲಿಲ್ಲ. ಮುತ್ತಾತ ಅನ್ನಬಹುದೇನೋ, ಆದರೆ ಮನೆಯವರಿಗೆ ಗೊತ್ತೇ ಇರದಿದ್ದ ಮುತ್ತಾತ.

ನಮ್ಮ ವೈಮಾನಿಕ ಶಾಸ್ತ್ರದಲ್ಲಿ ನೇರ ಮೇಲೇರುವ ವಿಮಾನ ಇದೆಯಲ್ಲ, ಅದನ್ನು ಯಾಕೆ ಮುಚ್ಚಿಡುತ್ತೀರಿ?

ಮುಚ್ಚಿಟ್ಟಿಲ್ಲ, ಪ್ರತಿ ಸಲ ಇದೇ ಉತ್ತರ ಕೊಟ್ಟು ಬೈಸಿಕೊಂಡಿದ್ದೇನೆ. ಪುಷ್ಪಕ ವಿಮಾನ ಕಾವ್ಯದ ಕಲ್ಪನೆ, ಅದರ ಸೊಗಸು ಅಲ್ಲಿದೆ. ವೈಮಾನಿಕ ಶಾಸ್ತ್ರದ ವಿಷಯ ಬೇರೆ. ಅದನ್ನು ಹೇಳಿ ಬರೆಸಿದವರು 20ನೇ ಶತಮಾನದ ಮೊದಲ ಭಾಗದಲ್ಲಿದ್ದ ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು. ಚಿತ್ರಗಳನ್ನು ಬರೆದದ್ದು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ಒಬ್ಬ ಡ್ರಾಫ್ಟ್ಸ್‌ಮನ್. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಕೂತು ಅದನ್ನು ಸಾಲು ಸಾಲಾಗಿ ಪರಿಶೀಲಿಸಿದರು. ಪಠ್ಯ 1904ಕ್ಕಿಂತ ಹಳೆಯದಲ್ಲ, ಅದರಲ್ಲಿರುವ ಯಂತ್ರಗಳು ಹಾರಲು ಸಾಧ್ಯವಿಲ್ಲ ಎಂದು ಬರೆದರು. ತಳ್ಳಿಹಾಕಬೇಕು ಅಂತ ಸುಮ್ನೆ ತಳ್ಳಿಹಾಕಿದ್ದಲ್ಲ, ಲೆಕ್ಕ ಹಾಕಿ ತೋರಿಸಿದ್ದು.

## ಮೂವತ್ತು ವರ್ಷದ ಪಾಡು

ವಿಮಾನ 1903ರಲ್ಲೇ ಹಾರಿತು. ಹೆಲಿಕಾಪ್ಟರ್‌ಗೆ ಯಾಕೆ ಅಷ್ಟು ತಡ?

ನೂರು ಕಿಲೋ ಮೂಟೆಯನ್ನು ಸೈಕಲ್ ಮೇಲೆ ಹೇರಿ ತಳ್ಳಿಕೊಂಡು ಹೋಗಬಹುದು. ಅದೇ ಮೂಟೆಯನ್ನು ಎತ್ತಿ ತಲೆ ಮೇಲೆ ಹಿಡಿದು ನಿಲ್ಲಿ ಅಂದರೆ? ವಿಮಾನದ ಇಂಜಿನ್ ಮುಂದಕ್ಕೆ ಎಳೆದರೆ ಸಾಕು, ಎತ್ತುವ ಕೆಲಸವನ್ನು ರೆಕ್ಕೆ ನೋಡಿಕೊಳ್ಳುತ್ತದೆ. ರೈಟ್ ಸೋದರರಿಗೆ ಸುಮಾರು 12 ಎಚ್‌ಪಿ ಸಾಕಾಯಿತು. ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹೆಲಿಕಾಪ್ಟರಿನಲ್ಲಿ ಪೂರ್ತಿ ಭಾರ ಇಂಜಿನ್ ತಲೆ ಮೇಲೆ.

ಹಗುರವಾದ, ಬಲವಾದ ಇಂಜಿನ್ ಇಲ್ಲದೆ ಜನ ಏನೇನೋ ಮಾಡಿದರು. 1877ರಲ್ಲಿ ಮಿಲಾನ್‌ನ ಎನ್ರಿಕೊ ಫೊರ್ಲಾನಿನಿ ಒಂದು ಉಪಾಯ ಹೂಡಿದರು. ಬೆಂಕಿಯನ್ನು ನೆಲದ ಮೇಲೇ ಬಿಟ್ಟು, ಕಾಯಿಸಿಟ್ಟ ಗೋಲದಲ್ಲಿರುವ ಉಗಿಯನ್ನಷ್ಟೇ ಮೇಲೆ ಕಳಿಸಿದರು. ಯಾರೂ ಕೂರದ ಆ ಪುಟ್ಟ ಯಂತ್ರ 13 ಮೀಟರ್ ಏರಿ, ಸುಮಾರು 20 ಸೆಕೆಂಡ್ ಗಾಳಿಯಲ್ಲಿತ್ತು. ಥಾಮಸ್ ಎಡಿಸನ್ ಕೂಡ 1880ರ ದಶಕದಲ್ಲಿ ಸಿಡಿಮದ್ದಿನಿಂದ ಓಡುವ ಇಂಜಿನ್ ಮಾಡಲು ಹೋಗಿ, ಸ್ಫೋಟವಾಗಿ, ಸಹಾಯಕನಿಗೆ ಸುಟ್ಟ ಗಾಯವಾಗಿ ಕೈಬಿಟ್ಟರು.

ಸರಿ, ಪೆಟ್ರೋಲ್ ಇಂಜಿನ್ ಬಂತು. ಆಗ ಬೇರೆ ಭೂತಗಳು ಎದ್ದವು. ದೇಹ ತಿರುಗುತ್ತದೆ, ಯಂತ್ರ ಪಕ್ಕಕ್ಕೆ ಮಗುಚುತ್ತದೆ, ಎಲ್ಲ ಬೋಲ್ಟೂ ಸಡಿಲವಾಗುವಷ್ಟು ನಡುಕ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ವಿಮಾನ ತಾನಾಗಿ ಒಂದಿಷ್ಟು ನೆಟ್ಟಗೆ ಹೋಗುತ್ತದೆ. ಹೆಲಿಕಾಪ್ಟರ್ ಬಿಟ್ಟರೆ ಕೆಟ್ಟಿತು.

ಮೊದಲು ನೆಲ ಬಿಟ್ಟಿದ್ದು ಬ್ರೆಗೆನಾ, ಕಾರ್ನೂನಾ?

ಇಬ್ಬರೂ ಫ್ರಾನ್ಸಿನವರು, ಇಬ್ಬರದೂ 1907. ಸೆಪ್ಟೆಂಬರ್ ಹೊತ್ತಿಗೆ ಡುವೆ ಎಂಬ ಊರಿನಲ್ಲಿ ಬ್ರೆಗೆ ಸೋದರರು ಮತ್ತು ಪ್ರೊಫೆಸರ್ ರಿಶೆ ಮಾಡಿದ ಯಂತ್ರ ಸುಮಾರು 60 ಸೆಂಟಿಮೀಟರ್ ಎದ್ದಿತು. ಭಾರ ಕಮ್ಮಿಯಾಗಲಿ ಅಂತ ಸಣ್ಣ ಮೈಕಟ್ಟಿನವನನ್ನೇ ಹುಡುಕಿ ಕೂರಿಸಿದ್ದರು. ಆದರೆ ನಾಲ್ಕು ಮೂಲೆಯಲ್ಲೂ ನಾಲ್ಕು ಜನ ಹಿಡಿದು ನಿಂತಿದ್ದರು. ತೇರು ಅಲ್ಲಾಡದ ಹಾಗೆ ಹಿಡಿಯುತ್ತಾರಲ್ಲ, ಹಾಗೆ. ನವೆಂಬರ್ 13ರಂದು ನಾರ್ಮಂಡಿಯಲ್ಲಿ ಸೈಕಲ್ ತಯಾರಕ ಪಾಲ್ ಕಾರ್ನೂ 24 ಎಚ್‌ಪಿ ಇಂಜಿನ್ನಿನ ಯಂತ್ರದಲ್ಲಿ ಸುಮಾರು 30 ಸೆಂಟಿಮೀಟರ್ ಎದ್ದು 20 ಸೆಕೆಂಡ್ ಇದ್ದರು ಎಂಬ ದಾಖಲೆ ಇದೆ. ಯಾರೂ ಹಿಡಿದಿರಲಿಲ್ಲ. ಹಾಗಾಗಿ ಪುಸ್ತಕಗಳಲ್ಲಿ ಹೆಸರು ಅವರದು.

ಆದರೆ ಈಚೆಗೆ ಲೆಕ್ಕ ಹಾಕಿದ ಇಂಜಿನಿಯರುಗಳು ಅಷ್ಟು ಸಣ್ಣ ಇಂಜಿನ್, ಜಾರುವ ಬೆಲ್ಟು ಇಟ್ಟುಕೊಂಡು ಗಾಳಿಯಲ್ಲಿ ನಿಲ್ಲಲು ಆಗದು ಅನ್ನುತ್ತಾರೆ. ಒಂದು ಕುಪ್ಪಳಿಕೆ ಇರಬಹುದು. ನನಗೂ ಅದೇ ಸರಿ ಅನಿಸುತ್ತದೆ. ಕಾರ್ನೂ ಮತ್ತೆ ಸೈಕಲ್ ಕಡೆಗೇ ಹೋದರು. 1944ರಲ್ಲಿ ನಾರ್ಮಂಡಿಯ ಬಾಂಬ್ ದಾಳಿಯಲ್ಲಿ ಅವರ ಮನೆ ಕುಸಿದು ತೀರಿಕೊಂಡರು.

ಆಟೋಜೈರೋ ಅಂದ್ರೇನು? ಅದು ಹೆಲಿಕಾಪ್ಟರ್ ಅಲ್ಲವಾ?

ಅಲ್ಲ, ಆದರೆ ಅದಿಲ್ಲದೆ ಹೆಲಿಕಾಪ್ಟರ್ ಇಲ್ಲ. ಈ ಉತ್ತರ ಸ್ವಲ್ಪ ಉದ್ದ, ಯಾಕಂದರೆ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಇಲ್ಲಿ ಬರುತ್ತಾರೆ.

ಸ್ಪೇನಿನ ಹುವಾನ್ ದ ಲಾ ಸಿಯೆರ್ವಾ ಮಾಡಿದ ದೊಡ್ಡ ವಿಮಾನವೊಂದು ವೇಗ ಕಮ್ಮಿಯಾಗಿ ಬಿತ್ತು. ವೇಗ ಕಮ್ಮಿಯಾದರೂ ಬೀಳದ ವಿಮಾನ ಬೇಕು ಅಂತ ಅವರು ಹಟ ಹಿಡಿದರು. ಮುಂದೆ ಮಾಮೂಲಿ ಪ್ರೊಪೆಲರ್ ಎಳೆಯುತ್ತದೆ, ತಲೆ ಮೇಲಿನ ರೋಟರಿಗೆ, ಅಂದರೆ ತಿರುಗುವ ರೆಕ್ಕೆಗಳ ಚಕ್ರಕ್ಕೆ, ಇಂಜಿನ್ ಸಂಪರ್ಕವೇ ಇಲ್ಲ. ಯಂತ್ರ ಮುಂದೆ ಹೋದಾಗ ಬೀಸುವ ಗಾಳಿಗೆ ಅದು ಗಿರಿಗಿಟ್ಟಲೆಯ ಹಾಗೆ ತಾನೇ ತಿರುಗಿ ಎತ್ತುತ್ತದೆ. ಅದೇ ಆಟೋಜೈರೋ.

ಮೊದಲ ಯಂತ್ರಗಳು ಓಡತೊಡಗಿದ ಕೂಡಲೇ ಪಕ್ಕಕ್ಕೆ ವಾಲಿ ಮಗುಚಿದವು. ಕಾರಣ ಸರಳ ಲೆಕ್ಕ. ರೆಕ್ಕೆಯ ತುದಿ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಸುತ್ತುತ್ತಿದೆ, ಯಂತ್ರ ಮುಂದಕ್ಕೆ 50 ಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಮುಂದಕ್ಕೆ ಬೀಸುವ ಕಡೆ ಗಾಳಿ 250ರಲ್ಲಿ ಬಡಿಯುತ್ತದೆ, ಹಿಂದಕ್ಕೆ ಹೋಗುವ ಕಡೆ 150ರಲ್ಲಿ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ. ಅಂದರೆ ಒಂದು ಕಡೆ ಇನ್ನೊಂದು ಕಡೆಯ ಎರಡೂಮುಕ್ಕಾಲು ಪಟ್ಟು! ಮಗುಚದೆ ಇನ್ನೇನಾಗುತ್ತದೆ?

ವಿಚಿತ್ರ ಅಂದರೆ ಅವರ ಪುಟ್ಟ ಮಾದರಿ ಮಗುಚದೆ ಚೆನ್ನಾಗಿ ಹಾರುತ್ತಿತ್ತು. ಯಾಕೆ ಅಂತ ಕೂತು ನೋಡಿದರು. ಮಾದರಿಯ ರೆಕ್ಕೆಗೆ ಬೆತ್ತ ಹಾಕಿದ್ದರು, ಬೆತ್ತ ಬಳುಕುತ್ತದೆ. ದೊಡ್ಡದರಲ್ಲಿ ರೆಕ್ಕೆ ಬಿಗಿಯಾಗಿತ್ತು. ಆಗ ಪ್ರತಿ ರೆಕ್ಕೆಯ ಬುಡಕ್ಕೂ ಬಾಗಿಲಿಗೆ ಇರುವಂಥ ಒಂದು ಹಿಂಜ್ ಹಾಕಿದರು. ಹೆಚ್ಚು ಬಲ ಬಂದ ಕಡೆ ರೆಕ್ಕೆ ಮೇಲಕ್ಕೆ ಏಳುತ್ತದೆ, ಎದ್ದಾಗ ಅದರ ಎತ್ತುವ ಬಲ ತಾನೇ ಇಳಿಯುತ್ತದೆ. ಇನ್ನೊಂದು ಕಡೆ ರೆಕ್ಕೆ ಕೆಳಗಿಳಿದು ಬಲ ಹೆಚ್ಚಿಸಿಕೊಳ್ಳುತ್ತದೆ. ಎರಡೂ ಸಮ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಹತ್ತಿರ ಗೆಟಾಫೆಯಲ್ಲಿ ಸಿ-4 ನೆಟ್ಟಗೆ ಹಾರಿತು. ಆಮೇಲೆ ಬಂದ ಹೆಲಿಕಾಪ್ಟರಿನವರೆಲ್ಲ ಈ ಹಿಂಜಿನ ಸಾಲಗಾರರು.

ಬೀಳದ ವಿಮಾನಕ್ಕಾಗಿ ಬದುಕಿಡೀ ಹೆಣಗಿದ ಸಿಯೆರ್ವಾ 1936ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಾಯ್ಡನ್‌ನಲ್ಲಿ, ಮಾಮೂಲಿ ಪ್ರಯಾಣಿಕ ವಿಮಾನ ಬಿದ್ದು ಸತ್ತರು. ಆಗಿನ್ನೂ 41 ವರ್ಷ.

ಸ್ಕೂಟರ್ ಮಾಡಿದವರೇ ಹೆಲಿಕಾಪ್ಟರ್ ಮಾಡಿದ್ರಂತೆ. ಇದು ವಾಟ್ಸಾಪ್ ಸುದ್ದಿಯಾ?

ಈ ಒಂದು ಸಲ ವಾಟ್ಸಾಪ್ ಸರಿ. ಇಟಲಿಯ ಕೊರಾದಿನೊ ದಾಸ್ಕಾನಿಯೊ 1930ರಲ್ಲಿ ಒಂದರ ಮೇಲೊಂದು ಎದುರುಬದುರು ತಿರುಗುವ ಎರಡು ರೋಟರಿನ ಹೆಲಿಕಾಪ್ಟರ್ ಮಾಡಿದರು. ಅದು 18 ಮೀಟರ್ ಎತ್ತರ, 1,078 ಮೀಟರ್ ದೂರ, 8 ನಿಮಿಷ 45 ಸೆಕೆಂಡಿನ ದಾಖಲೆ ಮಾಡಿತು. ಅದಕ್ಕಿಂತ ಆರು ವರ್ಷ ಹಿಂದೆ, 1924ರ ಏಪ್ರಿಲ್‌ನಲ್ಲಿ, ಫ್ರಾನ್ಸಿನ ಎತಿಯೆನ್ ಅಮಿಷೆನ್ 360 ಮೀಟರ್ ಹಾರಿಸಿದ್ದೇ ದೊಡ್ಡ ಸುದ್ದಿ. ನಾಲ್ಕೇ ದಿನಕ್ಕೆ ಅರ್ಜೆಂಟೀನಾದ ಪೆಸ್ಕಾರಾ 736 ಮೀಟರ್ ಹಾರಿಸಿ ಅದನ್ನು ಮುರಿದರು.

ಯುದ್ಧ ಮುಗಿದ ಮೇಲೆ ಪಿಯಾಜಿಯೊ ಕಂಪನಿಗಾಗಿ ದಾಸ್ಕಾನಿಯೊ ಮಾಡಿದ ಸ್ಕೂಟರೇ 1946ರ ವೆಸ್ಪಾ. ಅದರ ವಂಶದ ಕುಡಿ ನಮ್ಮ ಬಜಾಜ್ ಚೇತಕ್. ಬೆಂಗಳೂರಿನ ಎಚ್‌ಎಎಲ್ ಹೆಲಿಕಾಪ್ಟರಿಗೂ ಚೇತಕ್ ಅಂತಲೇ ಹೆಸರು! ರಾಣಾ ಪ್ರತಾಪನ ಕುದುರೆ ಎರಡಕ್ಕೂ ಹೆಸರು ಕೊಟ್ಟಿತು.

ಜರ್ಮನಿಯವರು ಮೊದಲು ಮಾಡಿದ್ರೆ ಸಿಕೋರ್ಸ್ಕಿಗೆ ಯಾಕೆ ಅಷ್ಟು ಹೆಸರು?

ಹೈನ್ರಿಖ್ ಫೋಕೆ ಅವರ ಎಫ್‌ಡಬ್ಲ್ಯು-61, 1936ರ ಜೂನ್ 26ರಂದು ಮೊದಲ ಸಲ ಎದ್ದಿತು. 28 ಸೆಕೆಂಡ್ ಅಷ್ಟೇ. ಆದರೆ ಒಂದು ವರ್ಷದೊಳಗೆ ಹಳೆಯ ದಾಖಲೆಗಳೆಲ್ಲ ಧೂಳಾದವು. ವಿಮಾನದಂಥ ಮೈ, ಎರಡು ಪಕ್ಕಕ್ಕೆ ಚಾಚಿದ ಕಂಬಿಗಳ ತುದಿಯಲ್ಲಿ ಒಂದೊಂದು ರೋಟರ್. ಮುಂದಿನ ಮೋಟು ಪ್ರೊಪೆಲರ್ ಇಂಜಿನ್ ತಣ್ಣಗಿಡಲು ಮಾತ್ರ. ಫೋಕೆ ಅವರ ಕಂಪನಿ ಸಿಯೆರ್ವಾ ಆಟೋಜೈರೋಗಳನ್ನು ಲೈಸೆನ್ಸ್ ಪಡೆದು ಮಾಡಿತ್ತು, ಆ ಪಾಠ ಇಲ್ಲಿ ಕೆಲಸಕ್ಕೆ ಬಂತು. 1938ರ ಫೆಬ್ರವರಿಯಲ್ಲಿ ಹಾನಾ ರೈಟ್ಶ್ ಎಂಬ ಮಹಿಳಾ ಪೈಲಟ್ ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆ ಎಂಬ ಮುಚ್ಚಿದ ಸಭಾಂಗಣದೊಳಗೇ ಇದನ್ನು ಹಾರಿಸಿ ತೋರಿಸಿದರು. ನಾಜಿ ಸರ್ಕಾರದ ಪ್ರಚಾರ ಅದು, ಸಂಶಯವಿಲ್ಲ. ಆದರೂ ಸೂರಿನ ಕೆಳಗೆ ಹಾರಿಸುವಷ್ಟು ಯಂತ್ರ ಕೈಗೆ ಸಿಕ್ಕಿತ್ತು ಎಂಬುದು ನಿಜ.

ಸಿಕೋರ್ಸ್ಕಿಯವರದು ಬೇರೆ ದಾರಿ. ಕೀವ್‌ನಲ್ಲಿ 1889ರಲ್ಲಿ ಹುಟ್ಟಿದವರು. 1909ರಲ್ಲಿ ಮಾಡಿದ ಮೊದಲ ಹೆಲಿಕಾಪ್ಟರ್ ಏಳಲಿಲ್ಲ. 1910ರದ್ದು ತನ್ನ ಭಾರ ಎತ್ತಿತು, ಪೈಲಟ್‌ನನ್ನು ಎತ್ತಲಿಲ್ಲ. ಇದು ಈಗ ಆಗುವ ಕೆಲಸವಲ್ಲ ಅಂತ ಬಿಟ್ಟು ವಿಮಾನಗಳ ಕಡೆ ಹೋಗಿ, 1913ರಲ್ಲಿ ನಾಲ್ಕು ಇಂಜಿನ್ನಿನ ವಿಮಾನ ಹಾರಿಸಿದರು. ರಷ್ಯಾದ ಕ್ರಾಂತಿಯ ನಂತರ 1919ರಲ್ಲಿ ಅಮೆರಿಕ ಸೇರಿದರು. ಅಲ್ಲಿ ಕಂಪನಿ ಕಟ್ಟಲು ದುಡ್ಡಿಲ್ಲದಾಗ ಕೈಹಿಡಿದವರು ಸಂಗೀತಗಾರ ರಾಖ್ಮನಿನೊವ್, 5,000 ಡಾಲರ್ ಕೊಟ್ಟರು.

ಹಳೆಯ ಹುಚ್ಚು ಬಿಟ್ಟಿರಲಿಲ್ಲ. 1939ರ ಸೆಪ್ಟೆಂಬರ್ 14ರಂದು ಕನೆಕ್ಟಿಕಟ್‌ನ ಸ್ಟ್ರಾಟ್‌ಫರ್ಡ್‌ನಲ್ಲಿ ವಿಎಸ್-300 ನೆಲ ಬಿಟ್ಟಿತು. ಕೊಳವೆಗಳನ್ನು ಬೆಸೆದ ಬರೀ ಅಸ್ಥಿಪಂಜರ, 75 ಎಚ್‌ಪಿ ಇಂಜಿನ್. ತುದಿಯಲ್ಲಿ, ಎದುರಿಗೆ ಏನೂ ಅಡ್ಡವಿಲ್ಲದ ಸೀಟಿನಲ್ಲಿ, ಸೂಟು ತೊಟ್ಟು ಹ್ಯಾಟು ಹಾಕಿದ 50 ವರ್ಷದ ಸಿಕೋರ್ಸ್ಕಿ. ಓಡಿಹೋಗದಂತೆ ಹಗ್ಗ ಕಟ್ಟಿದ್ದರು. ಹಗ್ಗ ಬಿಚ್ಚಿ ಹಾರಿದ್ದು 1940ರ ಮೇ 13ಕ್ಕೆ. ಆಮೇಲೂ ಒಂದು ಹಂತದಲ್ಲಿ ಅದು ಹಿಂದಕ್ಕೆ ಹೋಗುತ್ತಿತ್ತು, ಪಕ್ಕಕ್ಕೆ ಹೋಗುತ್ತಿತ್ತು, ಮುಂದಕ್ಕೆ ಮಾತ್ರ ಸರಿಯಾಗಿ ಹೋಗುತ್ತಿರಲಿಲ್ಲ! ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. 1941ರ ಮೇ 6ರಂದು 1 ಗಂಟೆ 32 ನಿಮಿಷ ಗಾಳಿಯಲ್ಲಿದ್ದು ಜರ್ಮನಿಯ ದಾಖಲೆ ಮುರಿದರು.

ಹೆಸರು ಉಳಿದದ್ದು ಎರಡು ಕಾರಣಕ್ಕೆ. ತಲೆ ಮೇಲೆ ಒಂದೇ ದೊಡ್ಡ ರೋಟರ್, ಬಾಲದಲ್ಲಿ ಚಿಕ್ಕದೊಂದು ಎಂಬ ಅವರ ವಿನ್ಯಾಸವನ್ನೇ ಇವತ್ತು ಹೆಚ್ಚಿನ ಹೆಲಿಕಾಪ್ಟರುಗಳಲ್ಲಿ ಕಾಣುತ್ತೇವೆ. ಎರಡನೆಯದು, ಅದರಿಂದ ಹುಟ್ಟಿದ ಆರ್-4 ನೂರಕ್ಕೂ ಹೆಚ್ಚು ತಯಾರಾಗಿ ಸೈನ್ಯ ಸೇರಿತು. ಎಫ್‌ಡಬ್ಲ್ಯು-61 ಮಾಡಿದ್ದು ಎರಡೇ ಎರಡು.

ಯುದ್ಧದಲ್ಲಿ ಮೊದಲು ಬಳಸಿದ್ದು ವಿಯೆಟ್ನಾಮಿನಲ್ಲಾ?

ಅಲ್ಲ, ಅದಕ್ಕೆ ಎಷ್ಟೋ ಮೊದಲೇ ಬಳಸಿದ್ದರು. ಕಥೆಯ ಒಂದು ತುದಿ ನಮ್ಮ ಅಸ್ಸಾಮಿನಲ್ಲಿದೆ. 1944ರ ಏಪ್ರಿಲ್. ಗಾಯಾಳುಗಳನ್ನು ಸಾಗಿಸುತ್ತಿದ್ದ ಚಿಕ್ಕ ವಿಮಾನ ಬರ್ಮಾದ ಕಾಡಿನಲ್ಲಿ, ಜಪಾನಿ ಸೈನ್ಯದ ಬೆನ್ನ ಹಿಂದೆ ಇಳಿಯಬೇಕಾಯಿತು. ಒಬ್ಬ ಅಮೆರಿಕನ್ ಪೈಲಟ್, ಮೂವರು ಬ್ರಿಟಿಷ್ ಸೈನಿಕರು. ಅಸ್ಸಾಮಿನ ಲಾಲಾಘಾಟ್‌ನಿಂದ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಒಂದು ಆರ್-4 ತೆಗೆದುಕೊಂಡು ಹೊರಟರು. ಆ ಸೆಕೆಗೆ ಗಾಳಿ ತೆಳ್ಳಗೆ, ಇಂಜಿನ್ ಬಡಕಲು, ಒಂದು ಸಲಕ್ಕೆ ಒಬ್ಬರನ್ನಷ್ಟೇ ಎತ್ತಲು ಸಾಧ್ಯ. 25ರಂದು ಇಬ್ಬರನ್ನು ಒಬ್ಬೊಬ್ಬರಾಗಿ ನದಿಯ ಮರಳ ದಿಬ್ಬಕ್ಕೆ ತಂದಿಳಿಸಿದರು. ಇಂಜಿನ್ ಕಾದು ಕೈಕೊಟ್ಟಿತು. ರಾತ್ರಿ ಅಲ್ಲೇ ಉಳಿದು, 26ರಂದು ಉಳಿದಿಬ್ಬರನ್ನೂ ತಂದರು. ಯುದ್ಧಭೂಮಿಯಿಂದ ಹೆಲಿಕಾಪ್ಟರ್ ಜೀವ ಉಳಿಸಿದ ಮೊದಲ ಸಂದರ್ಭ ಇದೇ.

ಸಾಮಾನ್ಯ ಜನರ ಕೈಗೆ ಯಾವಾಗ ಬಂತು?

1946ರ ಮಾರ್ಚ್ 8ರಂದು, ಬೆಲ್-47ಕ್ಕೆ ಅಮೆರಿಕದಲ್ಲಿ ನಾಗರಿಕ ಬಳಕೆಯ ಪರವಾನಗಿ ಸಿಕ್ಕಾಗ. ಗಾಜಿನ ಗುಳ್ಳೆಯಂಥ ಮೂತಿ, ಬರೀ ಕಂಬಿಗಳ ಬಾಲ. ನೋಡಿದರೆ ಗುರುತು ಸಿಗುತ್ತದೆ. ಅದನ್ನು ರೂಪಿಸಿದ ಆರ್ಥರ್ ಯಂಗ್ ತತ್ವಶಾಸ್ತ್ರದ ಹುಚ್ಚಿನವರು, ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಪುಟ್ಟ ಮಾದರಿಗಳನ್ನು ಹಾರಿಸಿ, ಮುರಿದು ಕಲಿತವರು.

## ಯಂತ್ರದ ಒಳಗುಟ್ಟು

ಬಾಲದಲ್ಲಿರೋ ಚಿಕ್ಕ ಫ್ಯಾನ್ ಯಾಕೆ? ಮುಂದಕ್ಕೆ ತಳ್ಳೋಕಾ?

ಅಲ್ಲ. ಗೋಡೆ ಕೊರೆಯುವ ಡ್ರಿಲ್ಲಿಂಗ್ ಮೆಷಿನ್ ಹಿಡಿದಿದ್ದೀರಾ? ಬಿಟ್ ಗೋಡೆಯಲ್ಲಿ ಸಿಕ್ಕಿಕೊಂಡರೆ ಮೆಷಿನ್ನೇ ಉಲ್ಟಾ ತಿರುಗಿ ಮಣಿಕಟ್ಟು ತಿರುಚುತ್ತದೆ. ರೋಟರನ್ನು ಇಂಜಿನ್ ಒಂದು ಕಡೆ ತಿರುಗಿಸಿದರೆ ಹೆಲಿಕಾಪ್ಟರಿನ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಬಾಲದ ಫ್ಯಾನ್ ಪಕ್ಕಕ್ಕೆ ತಳ್ಳಿ ಅದನ್ನು ತಡೆಯುತ್ತದೆ. ಬಾಲದ ರೋಟರ್ ಬೇಡ ಅಂದರೆ ಎದುರುಬದುರು ತಿರುಗುವ ಎರಡು ರೋಟರ್ ಹಾಕಬಹುದು. ನಮ್ಮ ನೌಕಾಪಡೆಯ ಕಾಮೋವ್‌ಗಳಲ್ಲಿ ಒಂದರ ಮೇಲೊಂದಿವೆ, ವಾಯುಪಡೆಯ ಚಿನೂಕ್‌ನಲ್ಲಿ ಹಿಂದೊಂದು ಮುಂದೊಂದು.

ಪೈಲಟ್ ಕೈಯಲ್ಲಿ ಸ್ಟೀರಿಂಗ್ ಇರುತ್ತಾ?

ಎಡಗೈಯಲ್ಲಿ ಕಾರಿನ ಹ್ಯಾಂಡ್‌ಬ್ರೇಕ್‌ನಂಥ ಕಲೆಕ್ಟಿವ್, ಬಲಗೈಯಲ್ಲಿ ಸೈಕ್ಲಿಕ್ ಎಂಬ ಕೋಲು, ಕಾಲಲ್ಲಿ ಎರಡು ಪೆಡಲ್. ಕಲೆಕ್ಟಿವ್ ಎತ್ತಿದರೆ ಎಲ್ಲ ರೆಕ್ಕೆಗಳೂ ಒಟ್ಟಿಗೆ ಓರೆಯಾಗಿ ಯಂತ್ರ ಮೇಲೇಳುತ್ತದೆ. ಸೈಕ್ಲಿಕ್ ಮುಂದೆ ತಳ್ಳಿದರೆ ಸುತ್ತಿನ ಒಂದು ಭಾಗದಲ್ಲಿ ರೆಕ್ಕೆ ಹೆಚ್ಚು ಓರೆ, ಎದುರು ಭಾಗದಲ್ಲಿ ಕಮ್ಮಿ ಓರೆಯಾಗಿ, ಇಡೀ ಚಕ್ರ ಮುಂದಕ್ಕೆ ಬಾಗುತ್ತದೆ. ಪೆಡಲ್ ಬಾಲದ ರೋಟರಿಗೆ. ಒಂದನ್ನು ಮುಟ್ಟಿದರೆ ಉಳಿದೆರಡನ್ನೂ ಸರಿ ಮಾಡಬೇಕು.

ತಿರುಗುತ್ತಿರುವ ರೆಕ್ಕೆಗೆ ನಿಂತಿರುವ ಕೋಲಿನಿಂದ ಅಪ್ಪಣೆ ಮುಟ್ಟುವುದು ಹೇಗೆ? ಸ್ವಾಶ್‌ಪ್ಲೇಟ್ ಮೂಲಕ. ಒಂದರ ಮೇಲೊಂದು ಕೂತ ಎರಡು ತಟ್ಟೆ, ನಡುವೆ ಬೇರಿಂಗ್. ಕೆಳಗಿನದು ತಿರುಗುವುದಿಲ್ಲ, ಬರೀ ಓರೆಯಾಗುತ್ತದೆ. ಮೇಲಿನದು ರೋಟರ್ ಜೊತೆ ತಿರುಗುತ್ತಾ ಅದೇ ಓರೆಯನ್ನು ಕಡ್ಡಿಗಳ ಮೂಲಕ ರೆಕ್ಕೆಗೆ ದಾಟಿಸುತ್ತದೆ. ರಷ್ಯಾದ ಬೋರಿಸ್ ಯೂರಿಯೆವ್ 1911ರಲ್ಲೇ ಇದನ್ನು ರೂಪಿಸಿದ್ದರು. ನಿಂತ ಹೆಲಿಕಾಪ್ಟರಿನ ರೋಟರ್ ಬುಡವನ್ನು ಒಮ್ಮೆ ಗಮನಿಸಿ, ಕಾಣಿಸುತ್ತದೆ. ಆಗ ರೆಕ್ಕೆಗಳು ಒದ್ದೆ ಬಾಳೆ ಎಲೆಯ ಹಾಗೆ ಜೋತು ಬಿದ್ದಿರುತ್ತವೆ. ಅವು ನೆಟ್ಟಗೆ ನಿಲ್ಲುವುದು ತಿರುಗುವ ರಭಸಕ್ಕೇ.

ಇಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುತ್ತೆ ಅಲ್ವಾ?

ಬೀಳುವುದಿಲ್ಲ. ಬೆಂಗಳೂರಿನ ರಸ್ತೆ ಬದಿ ಮಹಾಗನಿ ಮರದ ಕಾಯಿ ಒಡೆದಾಗ ನೋಡಿ. ಒಂಟಿ ರೆಕ್ಕೆಯ ಬೀಜ ಗಿರಗಿರ ತಿರುಗುತ್ತಾ ನಿಧಾನವಾಗಿ ಇಳಿಯುತ್ತದೆ. ಹೆಲಿಕಾಪ್ಟರೂ ಅದನ್ನೇ ಮಾಡುತ್ತದೆ. ಇಂಜಿನ್ ನಿಂತ ಕೂಡಲೇ ಪೈಲಟ್ ಕಲೆಕ್ಟಿವ್ ಕೆಳಗೆ ಹಾಕುತ್ತಾರೆ. ಇಳಿಯುವಾಗ ಕೆಳಗಿಂದ ನುಗ್ಗುವ ಗಾಳಿ ರೋಟರನ್ನು ತಿರುಗಿಸುತ್ತಲೇ ಇರುತ್ತದೆ. ನೆಲ ಹತ್ತಿರವಾದಾಗ ಕಲೆಕ್ಟಿವ್ ಎತ್ತಿದರೆ, ರೋಟರಿನಲ್ಲಿ ಕೂಡಿಟ್ಟ ರಭಸ ಒಂದು ಸಲಕ್ಕೆ ಮೆತ್ತಗೆ ಇಳಿಸುತ್ತದೆ. ಒಂದೇ ಸಲಕ್ಕೆ, ಎರಡನೆಯ ಅವಕಾಶ ಇಲ್ಲ. ತೀರಾ ಕೆಳಗೆ, ತೀರಾ ನಿಧಾನವಾಗಿ ಹಾರುವಾಗ ನಿಂತರೆ ಮಾತ್ರ ಕಷ್ಟ.

1972ರ ಜೂನ್ 21ರಂದು ಫ್ರಾನ್ಸಿನ ಜೀನ್ ಬೂಲೆ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಏರಿಸಿದರು. ಅಲ್ಲಿ ಇಂಜಿನ್ ಆರಿಹೋಯಿತು. ಅಷ್ಟೆತ್ತರದಿಂದ ನೆಲದವರೆಗೆ ಮಹಾಗನಿ ಬೀಜದ ಹಾಗೆ ಇಳಿದು ಬಂದರು.

ನಮ್ಮ ಬೆಂಗಳೂರಲ್ಲಿ ಹೆಲಿಕಾಪ್ಟರ್ ಮಾಡೋಕೆ ಶುರುವಾಗಿದ್ದು ಯಾವಾಗ?

1962ರಲ್ಲಿ ಫ್ರಾನ್ಸಿನ ಕಂಪನಿ ಜೊತೆ ಒಪ್ಪಂದ, 1965ರಲ್ಲಿ ಎಚ್‌ಎಎಲ್ ಜೋಡಿಸಿದ ಮೊದಲ ಅಲೂಯೆಟ್-3ರ ಹಾರಾಟ. ಅದೇ ಚೇತಕ್. ಮುರುಗೇಶಪಾಳ್ಯದಲ್ಲಿ ಬೆಳೆದ ನನಗೆ ಅದರ ಸದ್ದೇ ಅಲಾರಂ. ಮೇಲೆ ಹೇಳಿದ ಲಾಮಾ ಕೂಡ ನಮ್ಮದೇ ನೆಂಟ. ಹಿಮಾಲಯದ ಎತ್ತರದಲ್ಲಿ ಕೆಲಸ ಮಾಡುವ ಹೆಲಿಕಾಪ್ಟರ್ ಬೇಕು ಅಂತ ಭಾರತದ ಸೈನ್ಯ ಕೇಳಿದ್ದರಿಂದಲೇ ಅದು ಹುಟ್ಟಿದ್ದು. ಇಲ್ಲಿ ಅದರ ಹೆಸರು ಚೀತಾ. ಸಿಯಾಚಿನ್‌ನ ಠಾಣೆಗಳಿಗೆ ಸೀಮೆಎಣ್ಣೆ, ಕಾಗದ, ಔಷಧಿ ಹೊತ್ತು ಸವೆದದ್ದು ಅದೇ.

ನಮ್ಮವರೇ ರೂಪಿಸಿದ ಧ್ರುವ್ 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಹಾರಿತು. ಯುದ್ಧದ ಹೆಲಿಕಾಪ್ಟರ್ ಪ್ರಚಂಡ್ 2010ರಲ್ಲಿ ಹಾರಿ, 2022ರಲ್ಲಿ ವಾಯುಪಡೆ ಸೇರಿತು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ 615 ಎಕರೆಯ ಹೊಸ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು.

## ಇನ್ನೂ ಕೇಳುವವರಿಗೆ

ವಿಮಾನದಷ್ಟು ವೇಗವಾಗಿ ಯಾಕೆ ಹೋಗಲ್ಲ? ದೊಡ್ಡ ಇಂಜಿನ್ ಹಾಕಿದರಾಯ್ತಲ್ಲ?

ಇಂಜಿನ್ ದೊಡ್ಡದಾದರೆ ಸಾಲದು. ವೇಗ ಹೆಚ್ಚಿದಷ್ಟೂ ಹಿಂದಕ್ಕೆ ಹೋಗುವ ರೆಕ್ಕೆಗೆ ಗಾಳಿ ಕಮ್ಮಿಯಾಗಿ, ಒಂದು ಹಂತದಲ್ಲಿ ಅದು ಎತ್ತುವುದನ್ನೇ ನಿಲ್ಲಿಸುತ್ತದೆ. ಆ ಹೊತ್ತಿಗೆ ಮುಂದಕ್ಕೆ ಬರುವ ರೆಕ್ಕೆಯ ತುದಿ ಶಬ್ದದ ವೇಗ ಮುಟ್ಟುತ್ತಿರುತ್ತದೆ. ಎರಡೂ ಕಡೆಯಿಂದ ಇಕ್ಕಟ್ಟು. 1986ರ ಆಗಸ್ಟ್ 11ರಂದು ಬ್ರಿಟನ್ನಿನ ಲಿಂಕ್ಸ್ ಹೆಲಿಕಾಪ್ಟರ್ ಹೊಸ ಬಗೆಯ ರೆಕ್ಕೆ ತುದಿ ಹಾಕಿಕೊಂಡು ಗಂಟೆಗೆ 400.87 ಕಿ.ಮೀ. ಮುಟ್ಟಿತು. ಇದಕ್ಕಿಂತ ವೇಗ ಬೇಕಾದರೆ ತಳ್ಳಲು ಬೇರೆ ಪ್ರೊಪೆಲರ್ ಸೇರಿಸಬೇಕು. ಆಗ ಅದು ಅರ್ಧ ವಿಮಾನವೇ.

ಮದುವೆ ಮನೆ ಡ್ರೋನ್ ಕೂಡ ಹೆಲಿಕಾಪ್ಟರೇನಾ?

ವಂಶ ಒಂದೇ. ತಮಾಷೆ ಅಂದರೆ ನಾಲ್ಕು ರೋಟರಿನ ಯೋಚನೆ ಹೊಸದಲ್ಲ. 1907ರ ಬ್ರೆಗೆ ಯಂತ್ರದಲ್ಲಿ ನಾಲ್ಕಿದ್ದವು, 1922ರಲ್ಲಿ ಅಮೆರಿಕದ ಸೈನ್ಯಕ್ಕೆ ದ ಬೊಥೆಜಾಟ್ ಮಾಡಿದ್ದರಲ್ಲೂ ನಾಲ್ಕು. ನಾಲ್ಕನ್ನೂ ಒಬ್ಬ ಮನುಷ್ಯ ಕೈಯಿಂದ ಸಂಭಾಳಿಸುವುದು ಆಗದ ಕೆಲಸ, ಹಾಗಾಗಿ ಕೈಬಿಟ್ಟರು. ಈಗ ಬಟನ್ನಿನಷ್ಟು ಸೆನ್ಸರ್, ಸೆಕೆಂಡಿಗೆ ನೂರಾರು ಸಲ ಲೆಕ್ಕ ಮಾಡುವ ಚಿಪ್ ಇದೆ. ಪ್ರತಿ ಮೋಟಾರಿನ ವೇಗವನ್ನು ಅದೇ ಹೆಚ್ಚು ಕಮ್ಮಿ ಮಾಡುತ್ತದೆ. ಹಿಂಜಿಲ್ಲ, ಸ್ವಾಶ್‌ಪ್ಲೇಟ್ ಇಲ್ಲ. ಸಿಯೆರ್ವಾ ನೋಡಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರೇನೋ.

ಮಂಗಳ ಗ್ರಹದಲ್ಲಿ ಗಾಳಿಯೇ ಇಲ್ಲ, ಅಲ್ಲಿ ಹೇಗೆ ಹಾರಿತು?

ಇದೆ, ನಮ್ಮ ನೆಲಮಟ್ಟದ ಗಾಳಿಯ ಸುಮಾರು ನೂರನೇ ಒಂದು ಭಾಗದಷ್ಟು. ಅಲ್ಲಿ ಗುರುತ್ವವೂ ಕಮ್ಮಿ ಅನ್ನುವುದೊಂದು ಸಮಾಧಾನ. ಅಲ್ಲಿ ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯೂಯಿಟಿಯ ತೂಕ 1.8 ಕಿಲೋ. ಎದುರುಬದುರು ತಿರುಗುವ ಎರಡು ರೋಟರ್, ಅಗಲ 1.2 ಮೀಟರ್, ನಿಮಿಷಕ್ಕೆ ಸುಮಾರು 2,400 ಸುತ್ತು. ಇಲ್ಲಿಂದ ರಿಮೋಟ್ ಹಿಡಿದು ಹಾರಿಸಲು ಆಗುವುದಿಲ್ಲ, ಸಿಗ್ನಲ್ ಮುಟ್ಟಲು ನಿಮಿಷಗಟ್ಟಲೆ ಬೇಕು. ಎಲ್ಲವನ್ನೂ ತಾನೇ ನೋಡಿಕೊಳ್ಳಬೇಕು. ಅದರ ಮುಖ್ಯ ಇಂಜಿನಿಯರ್ ಮದ್ರಾಸ್ ಐಐಟಿಯಲ್ಲಿ ಓದಿದ ಬಾಬ್ ಬಲರಾಮ್.

2021ರ ಏಪ್ರಿಲ್ 19ರಂದು 3 ಮೀಟರ್ ಎದ್ದು 39 ಸೆಕೆಂಡ್ ಹಾರಿತು. ರೈಟ್ ಸೋದರರ ವಿಮಾನದ ರೆಕ್ಕೆಯ ಬಟ್ಟೆಯ ಒಂದು ಚೂರನ್ನು ಅದಕ್ಕೆ ಅಂಟಿಸಿ ಕಳಿಸಿದ್ದರು. "ಬಾವಲಿ" ದೊಡ್ಡದಾಗಿ ಮಾಡಲು ಹೋಗಿ ಸೋತ ಅದೇ ಹುಡುಗರು! ಐದು ಸಲ ಹಾರಿದರೆ ಸಾಕು ಅಂತ ಕಳಿಸಿದ್ದು 72 ಸಲ ಹಾರಿತು. 2024ರ ಜನವರಿ 18ರಂದು ಇಳಿಯುವಾಗ ರೆಕ್ಕೆಗೆ ಪೆಟ್ಟಾಯಿತು. ಅದು ಗೊತ್ತಾದದ್ದು ಮರಳ ಮೇಲೆ ಬಿದ್ದ ತನ್ನದೇ ನೆರಳಿನ ಫೋಟೊದಿಂದ. ನೆರಳಿನಲ್ಲಿ ಒಂದು ರೆಕ್ಕೆಯ ತುದಿ ಇರಲಿಲ್ಲ.